ಮೈಗಳ್ಳಿ

ಬೆಳಗಿನ ಐದೂಕಾಲು, ಮೌಂಟ್ ಡ್ರುಯಿಟ್.
ಬಸ್ಸಿನ ಡ್ರೈವರ್ ಸೀಟಿನೊಳಗೆ ಗಾಳಿಯಿದೆ.
ಕೂತರೆ ಉಸ್ಸೆಂದು ಇಳಿದು, ಒಂದು ಗಳಿಗೆ ಯೋಚಿಸಿ,
ಮೆಲ್ಲಗೆ ಏರಿ ನನ್ನನ್ನು ಕನ್ನಡಿಗಳ ಮಟ್ಟಕ್ಕೆ ತರುತ್ತದೆ.
ಎಷ್ಟು ಎಂದು ಯಾರಿಗೂ ಹೇಳುವುದಿಲ್ಲ.

ಎಷ್ಟು ಎಂದು ಇಡೀ ದೇಶಕ್ಕೆ ಹೇಳುವ ತಕ್ಕಡಿಯ ಮೇಲೆ
ಹನ್ನೊಂದು ವರ್ಷದ ಕೆಳಗೆ ನಿಂತಿದ್ದೆ,
ಚಡ್ಡಿ, ಎದೆಪಟ್ಟಿ, ನಡುವೆ ಬೆಳಕಿಗೆ ಬಿಟ್ಟ ಹೊಟ್ಟೆ.
ಭುಜ ಕಾಣದಂತೆ ಉಟ್ಟು ಇಗರ್ಜಿಗೆ ಹೋಗುವ ಮನೆಯವಳು.
ಇಳಿಸುವುದನ್ನು ಅವರು ಹೆಸರಿನಿಂದಲೇ ಶುರು ಮಾಡಿದರು:
ಮೆಲೆಸೈನಿ ಮೊದಲ ದಿನವೇ ಮೆಲ್ ಆದಳು.

ಆ ದೊಡ್ಡ ತಕ್ಕಡಿ ಪ್ಲೈವುಡ್ಡಿನದು.
ನಿಜವಾಗಿ ತೂಗುತ್ತಿದ್ದದ್ದು ಬೆಳಿಗ್ಗೆ, ಹಿಂದಿನ ಶೆಡ್ಡಿನಲ್ಲಿ,
ಕುರಿ ತೂಗುವಂಥ ಕಬ್ಬಿಣದ ಹಲಗೆಯ ಮೇಲೆ.
ಬರೆದುಕೊಳ್ಳುವ ಹುಡುಗ, ಡೆಸ್ಮಂಡ್, ಪ್ರತಿ ವಾರವೂ
ಕಾಗದ ನೋಡುತ್ತಲೇ ಕ್ಷಮಿಸಿ ಅನ್ನುತ್ತಿದ್ದ.
ರಾತ್ರಿ ಕೆಂಪು ಅಂಕಿಗಳು ಹತ್ತಿ, ಇಳಿದು, ಮತ್ತೆ ಹತ್ತಿ
ಮೂರು ಕ್ಯಾಮೆರಾಗಳಿಗೆ ಸಾಕಾಗುವಷ್ಟು ನನ್ನ ಮುಖ ಬಾಡಿದ ಮೇಲೆ
ನಿಲ್ಲುತ್ತಿದ್ದವು.

ತರಬೇತಿಯ ಲಾಕ್ಲನ್ ಕಿವಿಗೇ ಬಾಯಿಟ್ಟು ಕೂಗಿದ: ಮೈಗಳ್ಳಿ!
ಓಡುವ ಪಟ್ಟಿಯ ಮೇಲೆ ಓಡುತ್ತಲೇ
ಆ ಮಾತನ್ನು ಎರಡು ತುಂಡು ಮಾಡಿದೆ.
ಮೈ. ಕಳ್ಳಿ.
ಯಾರ ಮೈ, ಕದ್ದವರು ಯಾರು?
ಆಸ್ಪತ್ರೆಯ ಲಾಂಡ್ರಿಯಲ್ಲಿ ಒದ್ದೆ ಚಾದರಗಳ ಗುಡ್ಡ ಹೊತ್ತದ್ದು ಇದು,
ಲಕ್ವ ಹೊಡೆದ ಅಪ್ಪನನ್ನು ಆರು ವರ್ಷ
ಬಚ್ಚಲಿಗೆ ಎತ್ತಿಕೊಂಡು ಹೋದದ್ದು. ಅವನು
ತೆಪ್ಪದ ಮೇಲಿದ್ದಂತಿದೆ ಮಗಳೇ, ಎಂದು ನಗುತ್ತಿದ್ದ.

ಹದಿನೇಳು ವಾರ. ಐವತ್ತೆಂಟು ಕಿಲೊ.
ಹಗುರವಾದೆ. ಹಗುರ ಮಾಡಿದರು.
ಎರಡೂ ಒಂದೇ ವಾಕ್ಯವೆಂದು ಆಗ ಹೊಳೆಯಲಿಲ್ಲ.
ಮುಟ್ಟು ನಿಂತಿತ್ತು, ಕೂದಲು ಬಚ್ಚಲ ಜಾಲರಿ ಸೇರಿತ್ತು;
ಎರಡನೆಯ ಬಹುಮಾನವೆಂದು
ವರ್ಷಕ್ಕಾಗುವಷ್ಟು ಪ್ರೋಟೀನ್ ಪುಡಿ ಮನೆಗೆ ಬಂತು.

ಅದೇ ತಿಂಗಳು ಮಾವ ತೀರಿಕೊಂಡ.
ಸಾವಿನ ಮನೆಗೆ ತಾಓವಾಲಾ ಸುತ್ತಿಕೊಳ್ಳಬೇಕು, ನಡುವಿಗೆ ಹಳೆಯ ಚಾಪೆ,
ಅದರ ಮೇಲೆ ಹಗ್ಗ. ನಮ್ಮದು ಮುತ್ತಜ್ಜಿಯ ಕೂದಲಲ್ಲಿ ಹೆಣೆದದ್ದು.
ನಾಲ್ಕು ತಲೆಮಾರು ಗಂಟು ಬಿಗಿದ ಜಾಗ
ಸವೆದು ಎಣ್ಣೆಯಂತೆ ಹೊಳೆಯುತ್ತದೆ.
ಚಿಕ್ಕಮ್ಮ ಸೆಪಿಯುಟಾ ಸುತ್ತಿದಳು.
ಹೊಳಪು ನನ್ನ ಬೆನ್ನಿಗೆ ಹೋಯಿತು. ಹಗ್ಗ ಉಳಿಯಿತು.
ಅವಳು ಚೆಂದ ಎನ್ನಲಿಲ್ಲ.
ತುದಿ ಕೈಯಲ್ಲಿ ಹಿಡಿದೇ ಕೇಳಿದಳು:
ಏನು ಕಾಯಿಲೆ, ನಮಗೇಕೆ ಹೇಳಲಿಲ್ಲ?

ಆಮೇಲೆ ಮೈ ಬಂತು.
ಕಳೆದುಹೋದ ನಾಯಿ ವಾಸನೆ ಹಿಡಿದು
ಊರೂರು ದಾಟಿ ಬರುವ ಹಾಗೆ, ತುಸು ನಾಚಿಕೊಂಡು.
ಬಾಗಿಲು ಹಾಕಿದೆ ಮೊದಲು, ಸುಳ್ಳು ಯಾಕೆ.
ಎರಡು ವರ್ಷ ಹೊರಗೇ ಮಲಗಿತ್ತು.

ಮೊನ್ನೆ ಆ ಚಾನಲ್ಲಿನವರು ಫೋನು ಮಾಡಿದ್ದರು,
ಈಗ ಅವರು ಹೇಗಿದ್ದಾರೆ ಅನ್ನೋ ಕಾರ್ಯಕ್ರಮವಂತೆ,
ಅದೇ ತಕ್ಕಡಿ, ಒಂದೇ ಸಲ.
ನನಗೆ ಪಾಳಿ ಇದೆ ಎಂದೆ. ಯಾವ ದಿನ ಅಂತಲೂ ಕೇಳಲಿಲ್ಲ.

ಪ್ರೀತಿ ಎನ್ನಲಾರೆ. ಎಡಗಾಲಿನ ಮಂಡಿ ದಿನಾ ಬೈಯುತ್ತದೆ,
ಸಕ್ಕರೆಯ ಮಾತ್ರೆ ಚೀಲದಲ್ಲಿದೆ.
ಆದರೆ ಹಗ್ಗದ ಹೊಳಪು ಮತ್ತೆ ಹೊಕ್ಕುಳ ಮುಂದಕ್ಕೇ ಬಂದಿದೆ.

ಏಳೂ ನಲವತ್ತರ ಸ್ಟಾಪಿನಲ್ಲಿ ಒಬ್ಬ ಹುಡುಗಿ,
ಸಮವಸ್ತ್ರದ ಗುಂಡಿಗಳ ನಡುವೆ ಪಿನ್ನು.
ಬಸ್ಸನ್ನು ಮಂಡಿಯೂರಿಸುವ ಸ್ವಿಚ್ಚಿನ ಮೇಲೆ ಬೆರಳಿಟ್ಟೆ,
ತೆಗೆದೆ. ತಪ್ಪು ತಿಳಿದಾಳು.
ಅವಳು ಓರೆಯಾಗಿ ಹತ್ತಿ, ಮೊದಲ ಸೀಟಿನಲ್ಲಿ
ಚೀಲವನ್ನು ಹೊಟ್ಟೆಯ ಮೇಲೆಳೆದುಕೊಂಡು ಕೂತಳು.
ಕನ್ನಡಿಯಲ್ಲಿ ಕಂಡಳು. ಹೇಳಲು ಏನೂ ತೋಚಲಿಲ್ಲ.

ತಿರುವಿನಲ್ಲಿ ಬ್ರೇಕನ್ನು
ಎಂದಿಗಿಂತ ಮೆತ್ತಗೆ ಒತ್ತಿದೆ.